ಮುತ್ತಜ್ಜಿ 1923ರಲ್ಲಿ ಓಟು ಹಾಕಿದ್ದು ನಿಜವೇ?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿರುವ ಗೃಹಿಣಿ. ತವರಿನ ಮೂಲ ಗದಗ ತಾಲೂಕಿನ ಒಂದು ಹಳ್ಳಿ. ನನ್ನ ಅಜ್ಜಿಯ ಅವ್ವ, ಅಂದರೆ ಮುತ್ತಜ್ಜಿ, 1923ರಲ್ಲಿ ಬಂಡಿ ಕಟ್ಟಿಸಿಕೊಂಡು ಗದಗಿಗೆ ಹೋಗಿ ಮುಂಬೈ ಕೌನ್ಸಿಲ್ಲಿಗೆ (ಆಗಿನ ಮುಂಬೈ ಪ್ರಾಂತದ ಶಾಸನಸಭೆಗೆ) ಓಟು ಹಾಕಿ ಬಂದಳು ಎಂದು ಮನೆಯಲ್ಲಿ ಹೇಳುತ್ತಾ ಬಂದಿದ್ದಾರೆ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು. ಓದು ಬರಹ ಇರಲಿಲ್ಲ. ಹೋದ ವರ್ಷ ಅಜ್ಜಿಯ ಟ್ರಂಕಿನಲ್ಲಿ 1922ರ ಕಂದಾಯದ ರಸೀದಿ ಸಿಕ್ಕಿತು. ಮುತ್ತಜ್ಜಿಯ ಹೆಸರಿನಲ್ಲೇ ಇದೆ. ಆಕಾರ (ಜಮೀನಿಗೆ ಹಾಕಿದ ಕಂದಾಯ) 39 ರೂಪಾಯಿ, ಲೋಕಲ್ ಫಂಡ್ 2 ರೂಪಾಯಿ 7 ಆಣೆ, ಒಟ್ಟು 41 ರೂಪಾಯಿ 7 ಆಣೆ. ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಇದನ್ನು ಬರೆಯಬೇಕೆಂದಿದ್ದೇನೆ. ಪುಣೆಯಲ್ಲಿರುವ ಅಕ್ಕನ ಮಗ ನಗುತ್ತಾನೆ. 1952ಕ್ಕೆ ಮೊದಲು ನಮ್ಮವರಿಗೆ ಓಟೇ ಇರಲಿಲ್ಲ, ಹೆಂಗಸರಿಗಂತೂ ಇಲ್ಲವೇ ಇಲ್ಲ ಅನ್ನುತ್ತಾನೆ. ಸಂಘದ ಹಿರಿಯರೊಬ್ಬರು ಹೇಳುವುದೇ ಬೇರೆ: ಬ್ರಿಟಿಷರು ಹಂತ ಹಂತವಾಗಿ ನಮಗೆ ಪ್ರಜಾಪ್ರಭುತ್ವ ಕಲಿಸಿಕೊಟ್ಟರು, ನಿಮ್ಮ ಮುತ್ತಜ್ಜಿಯೇ ಅದಕ್ಕೆ ಸಾಕ್ಷಿ, ಹಾಗೇ ಬರೆಯಿರಿ ಎಂದು. ನನಗೆ ಎರಡೂ ಒಪ್ಪುತ್ತಿಲ್ಲ. ತಪ್ಪು ಬರೆದು ನಗೆಪಾಟಲಾಗುವುದೂ ಬೇಡ. ಏನು ಮಾಡಲಿ?

ಉತ್ತರ: ಮೊದಲು ಮುತ್ತಜ್ಜಿಯ ವಿಷಯ ಮುಗಿಸೋಣ. 1923ರಲ್ಲಿ ಅವರಿಗೆ ಓಟಿನ ಹಕ್ಕು ಇದ್ದಿರಬಹುದು. ಆ ರಸೀದಿಯ ಲೆಕ್ಕ ನೋಡಿದರೆ ಇದ್ದಿರಲೇಬೇಕು ಅನಿಸುತ್ತದೆ. ನಿಜವಾಗಿ ಹೋಗಿ ಹಾಕಿದರೇ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಆಗ ಗದಗ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಕೂಡ ಅಲ್ಲೇ. ಭಾರತದ ಆಡಳಿತಕ್ಕೆಂದು ಲಂಡನ್ನಿನಲ್ಲಿ ಮಾಡಿದ 1919ರ ಕಾಯ್ದೆ ಬಂದ ಮೇಲೆ ಈ ಪ್ರಾಂತದ ಕೌನ್ಸಿಲ್ಲಿಗೆ ಜನ ನೇರವಾಗಿ ಓಟು ಹಾಕುವ ಪದ್ಧತಿ ಶುರುವಾಯಿತು. ಆದರೆ ಎಲ್ಲರೂ ಅಲ್ಲ. ಹಳ್ಳಿಯಲ್ಲಿ ವರ್ಷಕ್ಕೆ 32 ರೂಪಾಯಿ ಆಕಾರದ ಜಮೀನು ಇರಬೇಕು. ರತ್ನಾಗಿರಿ, ಪಂಚಮಹಲ್‌ನಂಥ ಬಡ ಜಿಲ್ಲೆಗಳಲ್ಲಿ 16 ರೂಪಾಯಿ ಸಾಕು. ಧಾರವಾಡಕ್ಕೆ 32. ನಿಮ್ಮ ರಸೀದಿಯಲ್ಲಿ ಒಟ್ಟು 41 ರೂಪಾಯಿ ಎಂದಿದೆಯಲ್ಲ, ಅದನ್ನು ಹಿಡಿಯಬೇಡಿ. ಲೋಕಲ್ ಫಂಡ್ ಅಂದರೆ ರಸ್ತೆ, ಶಾಲೆಗೆಂದು ಹಾಕುತ್ತಿದ್ದ ಮೇಲ್ತೆರಿಗೆ, ರೂಪಾಯಿಗೆ ಒಂದಾಣೆ. 39 ರೂಪಾಯಿಗೆ 39 ಆಣೆ, ಅಂದರೆ 2 ರೂಪಾಯಿ 7 ಆಣೆ. ಲೆಕ್ಕ ಸರಿಯಾಗಿ ಕೂತಿದೆ. ಓಟಿಗೆ ಎಣಿಕೆಯಾಗುವುದು 39 ಮಾತ್ರ. ಅದೂ 32ಕ್ಕಿಂತ ಜಾಸ್ತಿಯೇ.

ಇನ್ನು ಹೆಂಗಸು ಎಂಬ ಅಡ್ಡಿ. ಲಂಡನ್ನಿನವರು ಹೆಂಗಸರ ಓಟಿನ ವಿಷಯವನ್ನು ತಾವು ತೀರ್ಮಾನಿಸದೆ ಪ್ರಾಂತಗಳಿಗೆ ಬಿಟ್ಟಿದ್ದರು. ಹಾಗಾಗಿ 1920ರ ಮೊದಲ ಚುನಾವಣೆಯಲ್ಲಿ ಹೆಂಗಸರು ಇರಲಿಲ್ಲ. 1921ರಲ್ಲಿ ಮದ್ರಾಸ್ ಕೌನ್ಸಿಲ್ ಆ ಅಡ್ಡಿ ತೆಗೆಯಿತು, ಅದೇ ವರ್ಷ ಮುಂಬೈ ಕೌನ್ಸಿಲ್ಲೂ ತೆಗೆಯಿತು. ಮುಂದಿನ ಚುನಾವಣೆ 1923. ನಿಮ್ಮ ಮನೆಯಲ್ಲಿ ಹೇಳುವ ವರ್ಷವೂ 1923. ಸುಮ್ನೆ ಕಟ್ಟಿದ ಕಥೆಯಾಗಿದ್ದರೆ ಯಾರಾದರೂ 1920 ಅನ್ನುತ್ತಿದ್ದರು, ಇಲ್ಲವೇ 1937 ಅನ್ನುತ್ತಿದ್ದರು. ಈ ಸಣ್ಣ ವಿವರವೇ ನನಗೆ ನಂಬಿಕೆ ಹುಟ್ಟಿಸಿದ್ದು.

ಮೂರನೆಯ ಗಂಟು ಖಾತೆಯದು. ಗಂಡನ ಆಸ್ತಿ ಓಟಿನ ಲೆಕ್ಕಕ್ಕೆ ಹೆಂಡತಿಗೆ ಬರುತ್ತಿರಲಿಲ್ಲ. ಜಮೀನು ಅವಳ ಹೆಸರಿನಲ್ಲೇ ಇರಬೇಕಿತ್ತು. ಒಟ್ಟು ಕುಟುಂಬವಾದರೆ ಮನೆ ನಡೆಸುವ ಗಂಡಸಿಗೇ ಓಟು. ಆದರೆ ಗಂಡ ಅಣ್ಣತಮ್ಮಂದಿರಿಂದ ಬೇರೆಯಾಗಿದ್ದು, ಗಂಡುಮಕ್ಕಳಿಲ್ಲದೆ ತೀರಿಕೊಂಡರೆ, ಅಂದಿನ ಹಿಂದೂ ಕಾನೂನಿನಲ್ಲಿ ಜಮೀನು ವಿಧವೆಗೆ ಬರುತ್ತಿತ್ತು. ಮಾರುವ ಪೂರ್ತಿ ಹಕ್ಕು ಇರಲಿಲ್ಲ, ಬದುಕಿರುವ ತನಕ ಅನುಭವಿಸಬಹುದಿತ್ತು. ನಿಮ್ಮ ಮುತ್ತಜ್ಜಿಗೆ ಒಬ್ಬಳೇ ಮಗಳು ಎಂದಿರಿ. ರಸೀದಿ ಅವರ ಹೆಸರಿನಲ್ಲಿದೆ ಎಂದಿರಿ. ಎರಡೂ ಒಂದಕ್ಕೊಂದು ಹೊಂದುತ್ತವೆ. ಎಂಥಾ ವಿಚಿತ್ರ ನೋಡಿ. ಗಂಡನಿದ್ದಿದ್ದರೆ, ಅಥವಾ ಒಬ್ಬ ಮಗ ಹುಟ್ಟಿದ್ದರೆ, ಆ ತಾಯಿಗೆ ಓಟು ಇರುತ್ತಿರಲಿಲ್ಲ.

ಹಾಗಾಗಿ ನಿಮ್ಮ ಅಕ್ಕನ ಮಗನಿಗೆ ಹೇಳಿ, ಅವನ ಮಾತು ತಪ್ಪು. 1952ರ ಚುನಾವಣೆಯಲ್ಲಿ ಹೊಸದಾಗಿ ಬಂದದ್ದು ಓಟಲ್ಲ, ಎಲ್ಲರಿಗೂ ಓಟು. ಪ್ರಾಯಕ್ಕೆ ಬಂದಿದ್ದರೆ ಸಾಕು, ಜಮೀನು ಬೇಡ, ಬಾಡಿಗೆ ಚೀಟಿ ಬೇಡ. ಅದಕ್ಕೂ ಮೊದಲು 1920ರ ದಶಕದಲ್ಲಿ ಓಟಿದ್ದದ್ದು 100 ಜನರಲ್ಲಿ ಸುಮಾರು 3 ಮಂದಿಗೆ. 1937ರ ಹೊತ್ತಿಗೆ ಅದು ಸುಮಾರು 14ಕ್ಕೆ ಏರಿತು. ಹುಡುಗನನ್ನು ಜಾಸ್ತಿ ಬೈಯಬೇಡಿ. ಶಾಲೆಯ ಪುಸ್ತಕಗಳಲ್ಲಿ 1909, 1919, 1935 ಅಂತ ಇಸವಿ ಬಾಯಿಪಾಠ ಮಾಡಿಸುತ್ತಾರೆ. ಊರಿನಲ್ಲಿ ಯಾರು ಬಂಡಿ ಹತ್ತಿದರು ಅಂತ ಹೇಳುವುದಿಲ್ಲ.

ಸಂಘದ ಹಿರಿಯರ ಮಾತಿಗೆ ಇಷ್ಟು ಸುಲಭದ ಉತ್ತರವಿಲ್ಲ. ಅದರಲ್ಲಿ ಅರ್ಧ ನಿಜವಿದೆ, ಅದೇ ತೊಂದರೆ. ಮೂವತ್ತು ವರ್ಷ ಮುಂಬೈಯಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಪ್ರತಿ ವರ್ಷ ಯಾರಾದರೂ ಒಬ್ಬ ವಿದ್ಯಾರ್ಥಿ ಇದೇ ಮಾತು ಎತ್ತುತ್ತಿದ್ದ. ನಾನು ಅವನಿಗೆ ನಿಮ್ಮ ಊರಿನ ಉದಾಹರಣೆಯನ್ನೇ ಕೊಡುತ್ತಿದ್ದೆ. ನಿಮ್ಮ ಊರು ಅಂದರೆ ಗದಗಲ್ಲ, ಡೊಂಬಿವಲಿ.

ಬಿಲ್ಡಿಂಗ್ ಕಟ್ಟಿ ಮುಗಿದಿರುತ್ತದೆ. ಸೊಸೈಟಿ ರಿಜಿಸ್ಟರ್ ಆಗಿರುತ್ತದೆ. ಕಮಿಟಿ ಇದೆ, ಸೆಕ್ರೆಟರಿ ಇದ್ದಾರೆ, ಭಾನುವಾರ ಮೀಟಿಂಗ್, ಚಹಾ, ಮಿನಿಟ್ಸ್ ಪುಸ್ತಕ ಎಲ್ಲಾ ಇದೆ. ಲಿಫ್ಟ್ ರಿಪೇರಿ, ವಾಚ್‌ಮನ್ ಸಂಬಳ, ಗಣಪತಿ ಪೆಂಡಾಲ್ ಎಲ್ಲಾ ಕಮಿಟಿ ನೋಡಿಕೊಳ್ಳುತ್ತದೆ. ಆದರೆ ಬಿಲ್ಡರ್ ಕನ್ವೇಯನ್ಸ್ ಮಾಡಿಕೊಟ್ಟಿರುವುದಿಲ್ಲ. ನೆಲ ಇನ್ನೂ ಅವನ ಹೆಸರಿನಲ್ಲೇ. ಇಪ್ಪತ್ತು ವರ್ಷ ಜನ ಓಡಾಡುತ್ತಾರೆ. ಬಿಲ್ಡರ್ ನಿಮಗೆ ಸೊಸೈಟಿ ನಡೆಸುವುದನ್ನು ಕಲಿಸಿದ ಅಂತ ಯಾರಾದರೂ ಹೇಳಿದರೆ ನಿಮಗೆ ಹೇಗನಿಸುತ್ತದೆ? ಕಮಿಟಿ ಸುಳ್ಳಲ್ಲ. ಅಲ್ಲಿ ಕೂತು ಜನ ಲೆಕ್ಕ ಕೇಳುವುದನ್ನು ಕಲಿತದ್ದೂ ಸುಳ್ಳಲ್ಲ. ಆದರೆ ಬಿಲ್ಡರನ ಉದ್ದೇಶ ಅದಾಗಿರಲಿಲ್ಲ, ಅಲ್ವಾ?

ಈ ಕಣ್ಣಿನಿಂದ ಮುಂಬೈ ಪ್ರಾಂತದ ಕಥೆ ನೋಡಿ. ಫೋರ್ಟಿನಲ್ಲಿ ಟೌನ್ ಹಾಲ್ ಇದೆಯಲ್ಲ, ಬಿಳಿ ಕಂಬಗಳು, ಎತ್ತರದ ಮೆಟ್ಟಿಲುಗಳು, ಹುಡುಗರು ಫೋಟೋ ತೆಗೆಸಿಕೊಳ್ಳುವ ಜಾಗ. 1862ರ ಜನವರಿಯಲ್ಲಿ ಅಲ್ಲಿ ಹೊಸ ಕೌನ್ಸಿಲ್ಲಿನ ಮೊದಲ ಸಭೆ ನಡೆಯಿತು. 1861ರ ಕಾಯ್ದೆಯ ಪ್ರಕಾರ ಗವರ್ನರ್ ಕಾನೂನು ಮಾಡುವಾಗ ನಾಲ್ಕರಿಂದ ಎಂಟು ಜನರನ್ನು ಹೆಚ್ಚುವರಿಯಾಗಿ ಕೂರಿಸಿಕೊಳ್ಳಬಹುದಿತ್ತು. ಹಾಗೆ ಬಂದವರಲ್ಲಿ ಮುಂಬೈಯ ದೊಡ್ಡ ವರ್ತಕ ಜಗನ್ನಾಥ ಶಂಕರಶೇಟ್ ಒಬ್ಬರು. ಅವರನ್ನು ಜನ ಆರಿಸಿರಲಿಲ್ಲ, ಗವರ್ನರ್ ಕರೆದಿದ್ದರು. ಯಾಕೆ ಕರೆದರು? 1857ರ ದಂಗೆಯ ಪೆಟ್ಟು ಇನ್ನೂ ಹಸಿಯಾಗಿತ್ತು. ಊರಿನ ದೊಡ್ಡವರು ಏನು ಮಾತಾಡಿಕೊಳ್ಳುತ್ತಿದ್ದಾರೆ ಅನ್ನುವುದು ಕಿವಿಗೆ ಬೀಳಬೇಕಿತ್ತು. ಅದು ಕೇಳುವ ಕಿವಿ, ಪಾಲು ಕೊಡುವ ಕೈ ಅಲ್ಲ. (ನಮ್ಮ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಬಂದದ್ದೂ 1862ರಲ್ಲೇ. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ಮಂಗಳೂರು, ಉಡುಪಿ ಕಡೆಯಿಂದ ಇಲ್ಲಿಗೆ ಬಂದು ಹೋಟೆಲ್ ಇಟ್ಟವರ ಅಜ್ಜಂದಿರ ಓಟಿನ ಕಥೆ ಬೇರೆ ಕೌನ್ಸಿಲ್ಲಿನದು. ನಿಮ್ಮ ಸಂಘದಲ್ಲಿ ಎರಡೂ ಕಡೆಯವರು ಇದ್ದಾರು. ಬರೆಯುವಾಗ ಬೆರೆಸಬೇಡಿ.)

ಜನ ಆರಿಸುವ ಪದ್ಧತಿ ಈ ಊರಿನಲ್ಲಿ ಮೊದಲು ಬಂದದ್ದು ಮುನ್ಸಿಪಾಲಿಟಿಗೆ. ಅದು ಬಂದದ್ದೂ ದುಡ್ಡಿನ ಜಗಳದಿಂದ. 1865ರ ಕಾಯ್ದೆಯ ಮೇಲೆ ಆರ್ಥರ್ ಕ್ರಾಫರ್ಡ್ ಎಂಬ ಕಮಿಷನರ್ ಬಂದರು. ಕ್ರಾಫರ್ಡ್ ಮಾರ್ಕೆಟ್ ಅಂತ ಈಗಲೂ ಅನ್ನುತ್ತೀರಲ್ಲ, ಅವರೇ. ಕೆಲಸ ಮಾಡಿದರು, ಜೊತೆಗೆ ಮನಸ್ಸಿಗೆ ಬಂದಂತೆ ಖರ್ಚೂ ಮಾಡಿದರು. ಮನೆ ತೆರಿಗೆ ಏರಿತು. 1871ರ ಹೊತ್ತಿಗೆ ತೆರಿಗೆ ಕಟ್ಟುವವರು ರೊಚ್ಚಿಗೆದ್ದರು. ನಮ್ಮ ದುಡ್ಡು, ಲೆಕ್ಕ ಕೇಳುವವರು ನಾವೇ ಆಗಬೇಕು ಎಂಬ ಗಲಾಟೆ. ಅದರ ಫಲವಾಗಿ 1872ರ ಕಾಯ್ದೆ ಬಂತು. 64 ಸದಸ್ಯರ ಕಾರ್ಪೊರೇಶನ್, ಅದರಲ್ಲಿ 32 ಜನರನ್ನು ತೆರಿಗೆ ಕಟ್ಟುವವರು ಆರಿಸಬೇಕು. ವರ್ಷಕ್ಕೆ 50 ರೂಪಾಯಿ ತೆರಿಗೆ ಕಟ್ಟುವವರಿಗೆ ಮಾತ್ರ ಓಟು. ಗಿರಣಿ ಕೆಲಸಗಾರ, ಹಮಾಲಿ, ಖಾನಾವಳಿಯ ಹುಡುಗ ಯಾರೂ ಅದರಲ್ಲಿಲ್ಲ. 1888ರಲ್ಲಿ ಇನ್ನೊಂದು ಕಾಯ್ದೆ ಬಂತು, ಅದರಲ್ಲಿ ಮುಂಬೈಯ ವಕೀಲ, ಕಾಂಗ್ರೆಸ್ ನಾಯಕ ಫಿರೋಜ್‌ಷಾ ಮೆಹ್ತಾ ಅವರ ಕೈ ದೊಡ್ಡದು. ವಿ.ಟಿ. ಸ್ಟೇಷನ್ನಿನಿಂದ ಹೊರಬಂದು ರಸ್ತೆ ದಾಟಿದರೆ ಮಹಾನಗರಪಾಲಿಕೆಯ ಕಟ್ಟಡದ ಮುಂದೆ ಪ್ರತಿಮೆಯಾಗಿ ನಿಂತಿದ್ದಾರೆ.

ಆ 1888ರ ಕಾಯ್ದೆ ತಿದ್ದುಪಡಿಗಳೊಂದಿಗೆ ಇವತ್ತಿಗೂ ಮುಂಬೈ ಪಾಲಿಕೆಯನ್ನು ನಡೆಸುತ್ತಿದೆ. ಕೆಲಸ ನಡೆಸುವ ಅಧಿಕಾರ ಆಗಲೂ ಸರ್ಕಾರ ಕಳಿಸಿದ ಕಮಿಷನರ್ ಕೈಯಲ್ಲಿ, ಈಗಲೂ ಹಾಗೇ. ಮೇಯರ್ ಗೌನು ಹಾಕಿಕೊಂಡು ಕೂರುತ್ತಾರೆ, ಫೈಲು ಹೋಗುವುದು ಕಮಿಷನರ್ ಟೇಬಲ್ಲಿಗೆ. 2022ರ ಮಾರ್ಚ್‌ನಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತರೇ ಇಲ್ಲದೆ ಪಾಲಿಕೆ ನಡೆಯಿತು. ಲೋಕಲ್ ಗಾಡಿಗಳು ಓಡಿದವು, ನಲ್ಲಿಯಲ್ಲಿ ನೀರು ಬಂತು. ಪರದೇಶದವರು ಹೋದರೂ ಅವರು ಹಾಕಿದ ಬೀಗ ಕೆಲವು ಕಡೆ ಹಾಗೇ ಇರುತ್ತದೆ.

ಹಳ್ಳಿ ಕಡೆ ಲಾರ್ಡ್ ರಿಪನ್ ಕಾಲದಲ್ಲಿ, 1882ರ ಠರಾವಿನ ಮೇಲೆ, ಲೋಕಲ್ ಬೋರ್ಡುಗಳು ಬಂದವು. ರಿಪನ್ ಮಾತ್ರ ಇದು ಜನರಿಗೆ ರಾಜಕೀಯ ಪಾಠ ಎಂದು ಬಾಯಿಬಿಟ್ಟು ಹೇಳಿದವರು. ಹಿರಿಯರ ವಾದಕ್ಕೆ ಬೇಕಾದರೆ ಅವರೊಬ್ಬರ ಹೆಸರು ಬಳಸಿಕೊಳ್ಳಲಿ. ಆದರೆ ಜಿಲ್ಲಾ ಬೋರ್ಡಿನ ಅಧ್ಯಕ್ಷರ ಕುರ್ಚಿಯಲ್ಲಿ ಬಹುಕಾಲ ಕೂತವರು ಕಲೆಕ್ಟರ್ ಸಾಹೇಬರೇ. ಪಾಠ ಕಲಿಯುವವನ ಕೈಗೆ ಬಳಪ ಕೊಡದ ಶಾಲೆ ಅದು.

ನಿಮ್ಮ ಲೇಖನಕ್ಕೆ ನಿಜವಾಗಿ ಉಪಯೋಗಕ್ಕೆ ಬರುವುದು 1901ರ ಒಂದು ಘಟನೆ. ನಿಮ್ಮ ರಸೀದಿಗೂ ಅದಕ್ಕೂ ನಂಟಿದೆ. 1892ರ ಕಾಯ್ದೆಯಿಂದ ಕೌನ್ಸಿಲ್ ಸ್ವಲ್ಪ ದೊಡ್ಡದಾಗಿತ್ತು. ಮುನ್ಸಿಪಾಲಿಟಿ, ಲೋಕಲ್ ಬೋರ್ಡ್, ಯೂನಿವರ್ಸಿಟಿಗಳು ಹೆಸರು ಸೂಚಿಸುತ್ತಿದ್ದವು, ಸರ್ಕಾರ ನೇಮಿಸುತ್ತಿತ್ತು. ಚುನಾವಣೆ ಎಂಬ ಪದವನ್ನೇ ಕಾಯ್ದೆಯಲ್ಲಿ ಬಳಸಿರಲಿಲ್ಲ. ಪ್ರಶ್ನೆ ಕೇಳಬಹುದು, ಬಜೆಟ್ ಮೇಲೆ ಮಾತಾಡಬಹುದು, ಅದರ ಮೇಲೆ ಓಟು ಹಾಕುವಂತಿಲ್ಲ. ಮೆಹ್ತಾ, ಟಿಳಕ, ಗೋಖಲೆ ಎಲ್ಲರೂ ಒಂದೊಂದು ಕಾಲದಲ್ಲಿ ಆ ಕೌನ್ಸಿಲ್ಲಿನಲ್ಲಿ ಇದ್ದವರು.

ಆಗ ತಾನೇ ಬರ, ಪ್ಲೇಗು ಎರಡೂ ಪ್ರಾಂತವನ್ನು ಹಿಂಡಿ ಹಾಕಿದ್ದವು. ಕಂದಾಯ ಕಟ್ಟಲಾಗದ ರೈತರ ಜಮೀನು ಸರ್ಕಾರಕ್ಕೆ ಜಪ್ತಾಗುತ್ತಿತ್ತು. 1901ರಲ್ಲಿ ಸರ್ಕಾರ ಒಂದು ಮಸೂದೆ ತಂದಿತು. ಅಂಥ ಜಮೀನನ್ನು ರೈತನಿಗೇ ಮತ್ತೆ ಕೊಡಬಹುದು, ಆದರೆ ಮಾರುವ, ಅಡವಿಡುವ ಹಕ್ಕು ಇಲ್ಲದೆ. ಸಾವುಕಾರನಿಂದ ರೈತನನ್ನು ಉಳಿಸುತ್ತೇವೆ ಎಂಬುದು ಸರ್ಕಾರದ ವಾದ. ರೈತನನ್ನು ಸರ್ಕಾರದ ಒಕ್ಕಲು ಮಾಡುತ್ತೀರಿ ಎಂಬುದು ವಿರೋಧಿಗಳ ಭಯ. ಎರಡು ಕಡೆಯೂ ಒಂದಿಷ್ಟು ನ್ಯಾಯವಿತ್ತು ಅನ್ನುವುದು ನನ್ನ ಅಭಿಪ್ರಾಯ. ಸಾವುಕಾರರು ಸಾಧುಗಳಾಗಿರಲಿಲ್ಲ. ಆದರೆ ಕೌನ್ಸಿಲ್ಲಿನಲ್ಲಿ ನ್ಯಾಯದ ತೂಕ ನಡೆಯಲೇ ಇಲ್ಲ. ಮುಂದಕ್ಕೆ ಹಾಕಿ, ಜನರ ಮಾತು ಕೇಳಿ ಎಂದು ಮೆಹ್ತಾ ಕಡೆಯವರು ಬೇಡಿದರು. ಅಧಿಕಾರಿಗಳ ಓಟು ಜಾಸ್ತಿ, ಬೇಡಿಕೆ ಬಿತ್ತು. ಮೆಹ್ತಾ ಎದ್ದು ಹೊರನಡೆದರು. ಗೋಖಲೆ ಮತ್ತೆ ಕೆಲವರು ಹಿಂದೆಯೇ ಎದ್ದರು. ಮಸೂದೆ ಪಾಸಾಯಿತು. ಸಭೆ ಬಿಟ್ಟು ಹೋಗುವುದನ್ನು ಈಗ ಟಿವಿಯಲ್ಲಿ ದಿನಾ ನೋಡಿ ಬೇಸರವಾಗಿದೆ. ಅವತ್ತು ಅವರ ಕೈಯಲ್ಲಿದ್ದದ್ದು ಅದೊಂದೇ.

1909ರ ಸುಧಾರಣೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಂಖ್ಯೆ ಏರಿತು, ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಬಂತು, ಅದರ ಗಾಯ ಮುಂದೆ ಎಷ್ಟು ದೊಡ್ಡದಾಯಿತು ಎಂದು ನಿಮಗೇ ಗೊತ್ತು. ಆದರೆ ಹಿರಿಯರಿಗೆ ಒಂದು ವಿಷಯ ತಿಳಿಸಿ. ಆ ಸುಧಾರಣೆ ತಂದ ಮಂತ್ರಿ ಲಾರ್ಡ್ ಮೋರ್ಲಿ, ಇದು ಭಾರತವನ್ನು ಪಾರ್ಲಿಮೆಂಟ್ ಪದ್ಧತಿಯ ಕಡೆಗೆ ಒಯ್ಯುತ್ತದೆ ಎಂದಾದರೆ ನನಗೂ ಇದಕ್ಕೂ ಸಂಬಂಧವೇ ಬೇಡ ಎಂಬರ್ಥದ ಮಾತನ್ನು ತಮ್ಮ ದೇಶದ ಮೇಲ್ಮನೆಯಲ್ಲೇ ಆಡಿದರು. ಮಾಡಿದವರೇ ಹಾಗೆಂದ ಮೇಲೆ ಅದನ್ನು ಪ್ರಜಾಪ್ರಭುತ್ವದ ಮೆಟ್ಟಿಲು ಎಂದು ನಾವು ಹೇಗೆ ಹೇಳುವುದು? ಪ್ರತಿ ಸುಧಾರಣೆಯನ್ನೂ ಅವರು ನಿಲ್ಲುವ ಜಾಗ ಎಂದೇ ಕಟ್ಟಿದರು. ನಿಲ್ಲಲು ಬಿಡದಿದ್ದದ್ದು ಇಲ್ಲಿನವರು. ಆಮೇಲೆ ಮೊದಲ ಮಹಾಯುದ್ಧ ಬಂತು. ಇಲ್ಲಿನ ಸೈನಿಕರು ಬೇಕಾದರು, ದುಡ್ಡು ಬೇಕಾಯಿತು. 1917ರ ಆಗಸ್ಟ್ 20ರಂದು ಭಾರತದ ವ್ಯವಹಾರ ನೋಡುತ್ತಿದ್ದ ಬ್ರಿಟಿಷ್ ಮಂತ್ರಿ ಮಾಂಟೆಗು ಮೊದಲ ಸಲ ಜವಾಬ್ದಾರಿ ಸರ್ಕಾರ, ಅಂದರೆ ಜನ ಆರಿಸಿದವರಿಗೆ ಉತ್ತರ ಕೊಡಬೇಕಾದ ಸರ್ಕಾರ, ಎಂಬ ಮಾತು ಆಡಿದರು. ಅದೂ ಕ್ರಮೇಣ. ಯಾವಾಗ, ಎಷ್ಟು ಎನ್ನುವುದನ್ನು ತೀರ್ಮಾನಿಸುವುದು ಲಂಡನ್ನಿನ ಪಾರ್ಲಿಮೆಂಟ್ ಎಂದು 1919ರ ಕಾಯ್ದೆಯ ಮೊದಲ ಮಾತುಗಳಲ್ಲೇ ಬರೆದರು.

ನಿಮ್ಮ ಮುತ್ತಜ್ಜಿ ಓಟು ಹಾಕಿದರು ಎನ್ನುವ ಕೌನ್ಸಿಲ್ ಇದೇ ಕಾಯ್ದೆಯದು. 111 ಸ್ಥಾನ, 86 ಚುನಾಯಿತ. ನೋಡುವುದಕ್ಕೆ ದೊಡ್ಡ ಬಹುಮತ. ಆದರೆ ಸರ್ಕಾರವನ್ನು ಎರಡು ಹೋಳು ಮಾಡಿಟ್ಟಿದ್ದರು. ಶಿಕ್ಷಣ, ಆರೋಗ್ಯ, ಕೃಷಿ, ಅಬಕಾರಿ, ಮುನ್ಸಿಪಾಲಿಟಿ ವಿಷಯಗಳು ಜನರ ಕಡೆಯ ಮಂತ್ರಿಗಳಿಗೆ. ಪೊಲೀಸು, ಕಂದಾಯ, ಹಣಕಾಸು ಗವರ್ನರ್ ಮತ್ತು ಅವರ ಸಾಹೇಬರಿಗೆ. ಅಂದರೆ ಮುತ್ತಜ್ಜಿ 39 ರೂಪಾಯಿ ಆಕಾರ ಕಟ್ಟಿದ್ದರಿಂದ ಅವರಿಗೆ ಓಟು ಬಂತು. ಆದರೆ ಆ ಆಕಾರ 39 ಇರಬೇಕೋ 30 ಇರಬೇಕೋ ಅನ್ನುವುದು ಅವರು ಆರಿಸಿದ ಮನುಷ್ಯನ ಕೈಯಲ್ಲಿರಲಿಲ್ಲ. ನಿಮ್ಮ ಲೇಖನದಲ್ಲಿ ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಮಂತ್ರಿಗಳ ಪಾಡು ಇನ್ನೂ ತಮಾಷೆ. ಶಾಲೆ ತೆರೆಯಬೇಕು, ದುಡ್ಡಿಲ್ಲ. ಅವರ ಕಡೆ ದುಡ್ಡು ಬರುವ ದೊಡ್ಡ ಖಾತೆ ಅಬಕಾರಿ. ಹೆಂಡ ನಿಲ್ಲಿಸಿದರೆ ಶಾಲೆ ನಿಲ್ಲುತ್ತದೆ. 1930ರ ದಶಕದಲ್ಲಿ ನಮ್ಮ ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು ಮುಂಬೈ ಸರ್ಕಾರದಲ್ಲಿ ಮಂತ್ರಿಯಾಗಿದ್ದರು. ಶಿಕ್ಷಣ ಖಾತೆಯನ್ನೂ ನೋಡಿಕೊಂಡರು. ಕನ್ನಡ ಜಿಲ್ಲೆಗಳಿಗೆ ಅವರು ಮಾಡಿದ್ದನ್ನು ಧಾರವಾಡದ ಕಡೆ ಇನ್ನೂ ನೆನೆಯುತ್ತಾರೆ. ಹೀಗೆ ಬಿಗಿದ ಚೌಕಟ್ಟಿನೊಳಗೆ ಅಷ್ಟು ಮಾಡಿದರು ಅನ್ನುವುದನ್ನು ಮಾತ್ರ ಮರೆಯುತ್ತಾರೆ.

ಹಾಗಾದರೆ ಎಲ್ಲಾ ಬರೀ ನಾಟಕವೇ? ಅದೂ ಅಲ್ಲ. ಕೆಲವು ಎಡಪಂಥದ ಗೆಳೆಯರು ನನಗೆ ಹಾಗೆ ವಾದಿಸುತ್ತಾರೆ. ಅವರಿಗೆ ನಾನು ಕೊಡುವ ಉದಾಹರಣೆಯೂ 1923ರದೇ. ಆ ವರ್ಷದ ಆಗಸ್ಟ್ 4ರಂದು ಎಸ್. ಕೆ. ಬೋಲೆ ಎಂಬ ಸದಸ್ಯರು ಮುಂಬೈ ಕೌನ್ಸಿಲ್ಲಿನಲ್ಲಿ ಒಂದು ಠರಾವು ಪಾಸು ಮಾಡಿಸಿದರು. ಸರ್ಕಾರದ ದುಡ್ಡಿನಲ್ಲಿ ಕಟ್ಟಿದ, ನಡೆಸುವ ಕೆರೆ, ಬಾವಿ, ಶಾಲೆ, ಧರ್ಮಶಾಲೆಗಳನ್ನು ಅಸ್ಪೃಶ್ಯರೆನಿಸಿಕೊಂಡವರೂ ಬಳಸಬಹುದು ಎಂದು. ಕೊಂಕಣದ ಮಹಾಡ ಊರಿನ ಮುನ್ಸಿಪಾಲಿಟಿಯೂ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಎಂದು ಠರಾವು ಬರೆಯಿತು. ಕಾಗದದ ಮೇಲೆ ತೆರೆಯಿತು, ದಂಡೆಯ ಮೇಲೆ ತೆರೆಯಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದರು. ಜೊತೆಗೆ ಬಂದವರು ಏಟೂ ತಿಂದರು. ಠರಾವು ನೀರು ಕೊಡಲಿಲ್ಲ, ನಿಜ. ಆದರೆ ಠರಾವು ಇಲ್ಲದಿದ್ದರೆ ನಾವು ಕಾನೂನಿನ ಪ್ರಕಾರವೇ ಬಂದಿದ್ದೇವೆ ಎಂದು ಹೇಳುವ ಗಟ್ಟಿ ನೆಲ ಇರುತ್ತಿರಲಿಲ್ಲ. ಅಂಬೇಡ್ಕರ್ 1928ರಲ್ಲಿ ಸೈಮನ್ ಕಮಿಷನ್ನಿನ ಮುಂದೆ ಎಲ್ಲಾ ವಯಸ್ಕರಿಗೂ ಓಟು ಬೇಕೆಂದು ಕೇಳಿದರು. 32 ರೂಪಾಯಿ ಆಕಾರ ಕಟ್ಟುವ ಜಮೀನು ತಮ್ಮವರಲ್ಲಿ ಎಷ್ಟು ಜನಕ್ಕಿತ್ತು ಎಂಬುದು ಅವರಿಗೆ ಗೊತ್ತಿತ್ತು. ನಿಮ್ಮ ಮುತ್ತಜ್ಜಿಯ ಹೊಲದಲ್ಲಿ ಕಳೆ ಕಿತ್ತವರು ಅವತ್ತು ಬಂಡಿ ಹತ್ತಲಿಲ್ಲ. ಬರೆಯುವಾಗ ಅವರನ್ನೂ ಒಂದು ಸಾಲಿನಲ್ಲಿ ನೆನೆದರೆ ಒಳ್ಳೆಯದು.

1935ರ ಕಾಯ್ದೆಯಲ್ಲಿ ಆಕಾರದ ಮಿತಿ 8 ರೂಪಾಯಿಗೆ ಇಳಿಯಿತು. ಮೆಟ್ರಿಕ್ ಪಾಸಾದವರಿಗೆ, ಓದು ಬರಹ ಬಲ್ಲ ಹೆಂಗಸರಿಗೆ ಓಟು ಬಂತು. ಎರಡು ಹೋಳಿನ ಸರ್ಕಾರ ಹೋಗಿ ಪ್ರಾಂತದಲ್ಲಿ ಎಲ್ಲಾ ಖಾತೆಗಳೂ ಮಂತ್ರಿಗಳಿಗೆ ಬಂದವು. ಗವರ್ನರ್ ವಿಶೇಷಾಧಿಕಾರ ಮಾತ್ರ ಉಳಿಯಿತು. 1937ರ ಚುನಾವಣೆಯಲ್ಲಿ ಮುಂಬೈ ಅಸೆಂಬ್ಲಿಯ 175ರಲ್ಲಿ ಕಾಂಗ್ರೆಸ್ 86 ಗೆದ್ದಿತು. ಜುಲೈಯಲ್ಲಿ ಬಿ. ಜಿ. ಖೇರ್ ಸರ್ಕಾರ ಬಂತು. ಈಗ 1901 ನೆನಪು ಮಾಡಿಕೊಳ್ಳಿ. ಕರನಿರಾಕರಣೆಯ ಕಾಲದಲ್ಲಿ ಅಂಕೋಲಾ, ಸಿದ್ದಾಪುರ, ಹಿರೇಕೆರೂರು ಕಡೆಯ ರೈತರು, ಗುಜರಾತಿನ ಬಾರ್ಡೋಲಿಯವರು ಜಮೀನು ಕಳೆದುಕೊಂಡಿದ್ದರು. ಜಪ್ತಾಗಿ ಬೇರೆಯವರ ಪಾಲಾದ ಅಂಥ ಜಮೀನನ್ನು ಹಳೆಯ ಒಡೆಯರಿಗೆ ಮರಳಿಸುವ ಕೆಲಸವನ್ನು ಖೇರ್ ಸರ್ಕಾರ ಕೈಗೆತ್ತಿಕೊಂಡಿತು. ಮೂವತ್ತಾರು ವರ್ಷದ ಹಿಂದೆ ಅದೇ ಪ್ರಾಂತದಲ್ಲಿ ಜಮೀನಿನ ವಿಷಯಕ್ಕೆ ಎದ್ದು ಹೊರನಡೆಯುವುದೊಂದೇ ದಾರಿಯಾಗಿತ್ತು. ಈಗ ಕೀಲಿಕೈ ಸ್ವಲ್ಪ ಕೈ ಬದಲಾಗಿತ್ತು. ಆದರೆ ಸ್ವಲ್ಪವೇ. 1939ರಲ್ಲಿ ಯುದ್ಧ ಬಂತು, ನಮ್ಮನ್ನು ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದರು, ನವೆಂಬರ್ ಹೊತ್ತಿಗೆ ಮಂತ್ರಿಗಳು ರಾಜೀನಾಮೆ ಕೊಟ್ಟು ಮನೆಗೆ ಹೋದರು. 1946ರವರೆಗೆ ಗವರ್ನರ್ ಒಬ್ಬರೇ ಆಳಿದರು. ಕಾಯ್ದೆಯಲ್ಲಿ ಅದಕ್ಕೂ ಒಂದು ಕಲಂ ಮೊದಲೇ ಇಟ್ಟಿದ್ದರು, 93ನೆಯದು.

ಗೋವಾದಲ್ಲಿ ನೆಂಟರಿದ್ದರೆ ಅವರನ್ನೊಮ್ಮೆ ಕೇಳಿ ನೋಡಿ. ಪೋರ್ಚುಗೀಸರು ಆಳುತ್ತಿದ್ದ ಅಲ್ಲಿಂದ 1822ರಲ್ಲೇ ಅವರ ಲಿಸ್ಬನ್ ಪಾರ್ಲಿಮೆಂಟಿಗೆ ಪ್ರತಿನಿಧಿಗಳನ್ನು ಆರಿಸಿ ಕಳಿಸಿದ್ದರು. ನಮ್ಮ ಟೌನ್ ಹಾಲ್ ಸಭೆಗಿಂತ 40 ವರ್ಷ ಮೊದಲು. ಆದರೆ 1946ರ ಜೂನ್ 18ರಂದು ಮಡಗಾಂವಿನಲ್ಲಿ ಸಮಾಜವಾದಿ ನಾಯಕ ಲೋಹಿಯಾ ಒಂದು ಸಭೆಯಲ್ಲಿ ಮಾತಾಡಲು ಹೋದರೆ ಬಂಧಿಸಿದರು. ಪ್ರತಿನಿಧಿ ಇದ್ದರೆ ಸಾಲದು, ಪೊಲೀಸ್ ಯಾರ ಮಾತು ಕೇಳುತ್ತಾನೆ ಅನ್ನುವುದನ್ನೂ ನೋಡಬೇಕು.

ಈಗ ನಿಮ್ಮ ಲೇಖನ. ಹಿರಿಯರು ಹೇಳಿದಂತೆ ಬರೆದರೆ ಓದಲು ಸಲೀಸು, ಸಂಘದಲ್ಲಿ ಯಾರ ಮನಸ್ಸೂ ನೋಯುವುದಿಲ್ಲ. ಆದರೆ ಓದಿಕೊಂಡವರೊಬ್ಬರು ಮೋರ್ಲಿಯ ಮಾತು ಎತ್ತಿದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ಎಲ್ಲಾ ಮೋಸ ಎಂದು ಬರೆದರೆ ಚಪ್ಪಾಳೆ ಜಾಸ್ತಿ ಸಿಗುತ್ತದೆ, ಆದರೆ ಬಂಡಿ ಕಟ್ಟಿಸಿಕೊಂಡು ಹೋದ ಆ ತಾಯಿ ಮೋಸಹೋದವಳಾಗಿ ಬಿಡುತ್ತಾಳೆ. ಅದು ನನಗೆ ಇಷ್ಟವಿಲ್ಲ. ನಾನಾದರೆ ರಸೀದಿಯಿಂದ ಶುರು ಮಾಡುತ್ತಿದ್ದೆ. 39 ರೂಪಾಯಿ ಅವರಿಗೆ ಏನು ಕೊಟ್ಟಿತು, ಏನು ಕೊಡಲಿಲ್ಲ, ಅಷ್ಟೇ. ಅಪಾಯ ಇದರಲ್ಲೂ ಇದೆ. ಓಟಿನ ಹಕ್ಕು ಇತ್ತು ಎಂದು ರಸೀದಿ ಸೂಚಿಸುತ್ತದೆ, ಓಟು ಹಾಕಿದರು ಎಂದು ಸಾಬೀತು ಮಾಡುವುದಿಲ್ಲ. ಇನ್ನೊಂದು, ಅವರು ಹೋದದ್ದು ತಾಲೂಕು ಲೋಕಲ್ ಬೋರ್ಡಿನ ಚುನಾವಣೆಗೂ ಇರಬಹುದು. ಬಾಯಿಂದ ಬಾಯಿಗೆ ಬರುವಾಗ ಬೋರ್ಡು ಕೌನ್ಸಿಲ್ ಆಗುವುದು ಮಾಮೂಲು. ನಾನೇ ಒಮ್ಮೆ ಒಂದು ಮನೆತನದ ಹಿರಿಯರನ್ನು ಕೌನ್ಸಿಲ್ ಮೆಂಬರ್ ಎಂದು ಸಂಚಿಕೆಯೊಂದರಲ್ಲಿ ಬರೆದು, ಅವರು ತಾಲೂಕು ಬೋರ್ಡಿನ ಮೆಂಬರ್ ಎಂದು ಆಮೇಲೆ ತಿಳಿದು ನಾಚಿದ್ದೇನೆ. ಮನೆಯವರಿಗೆ ನನಗಿಂತ ಜಾಸ್ತಿ ಬೇಜಾರಾಯಿತು.

ಹಾಗಾಗಿ ಒಂದು ಸಲ ಹುಡುಕಿ ನೋಡಿ. ಮತದಾರರ ಯಾದಿಯಲ್ಲಿ ಅವರ ಹೆಸರಿದ್ದರೆ ಧಾರವಾಡ ಜಿಲ್ಲೆಯ ನಾನ್-ಮಹಮ್ಮದನ್ (ಮುಸ್ಲಿಮರಲ್ಲದವರ) ಗ್ರಾಮೀಣ ಕ್ಷೇತ್ರದಲ್ಲಿ ಇರಬೇಕು. ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ಮಹಾರಾಷ್ಟ್ರ ರಾಜ್ಯದ ದಫ್ತರಖಾನೆ ಇದೆ. ಅರ್ಜಿ ಕೊಟ್ಟು, ಗುರುತಿನ ಚೀಟಿ ತೋರಿಸಿ ಕೂರಬೇಕು. ಹಳ್ಳಿವಾರು ಯಾದಿ ಸಿಗುತ್ತದೆಂದು ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ, ನನಗೆ ಸಿಕ್ಕಿದ್ದು ಅಪರೂಪ. ಸಿಗುವ ಸಾಧ್ಯತೆ ಜಾಸ್ತಿ ಇರುವುದು ಗದಗ ತಹಶೀಲ್ದಾರ್ ಕಚೇರಿಯಲ್ಲಿ, ಹಳೆಯ ಉತಾರ, ಅಂದರೆ ಜಮೀನು ಯಾರ ಹೆಸರಿನಲ್ಲಿದೆ ಎಂಬ ದಾಖಲೆ. ಮುಂಬೈ ಪ್ರಾಂತದಲ್ಲಿ ಹಕ್ಕುಪತ್ರದ ದಾಖಲೆ 1903ರ ಕಾಯ್ದೆಯಿಂದ ಶುರುವಾಯಿತು, ಆದ್ದರಿಂದ ನಿಮ್ಮ ಜಮೀನಿನ ಸರ್ವೆ ನಂಬರ್ ಗೊತ್ತಿದ್ದರೆ ಖಾತೆ ಯಾವ ವರ್ಷ ಮುತ್ತಜ್ಜಿಯ ಹೆಸರಿಗೆ ಬಂತು ಎಂದು ತಿಳಿಯಬಹುದು. ಅದು 1923ರ ಮೊದಲಾದರೆ ನಿಮ್ಮ ಕಥೆಗೆ ಇನ್ನೊಂದು ಕಂಬ ಸಿಕ್ಕಂತೆ. ಎರಡೂ ಸಿಗದಿದ್ದರೆ, ಓಟು ಹಾಕಿದರು ಎಂದು ಬರೆಯಬೇಡಿ. ಓಟು ಹಾಕಿ ಬಂದಳು ಎಂದು ಮನೆಯಲ್ಲಿ ಹೇಳುತ್ತಾರೆ, ಹಾಕುವ ಅರ್ಹತೆ ಇತ್ತು ಎಂದು ರಸೀದಿ ಹೇಳುತ್ತದೆ ಎಂದು ಬರೆಯಿರಿ. ಅಕ್ಕನ ಮಗನೂ ಅದಕ್ಕೆ ನಗಲಾರ.

ಇನ್ನೊಂದು ಮಾತು. ರಸೀದಿಯನ್ನು ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿಗೆ, ಪ್ಲಾಸ್ಟಿಕ್ಕಿಗೆ ಹಳೆಯ ಕಾಗದ ಹಾಳಾಗುತ್ತದೆ, ಆಮೇಲೆ ಬಿಡಿಸಲೂ ಆಗುವುದಿಲ್ಲ. ಒಳ್ಳೆಯ ಬೆಳಕಿನಲ್ಲಿ ಎರಡೂ ಬದಿ ಫೋಟೋ ತೆಗೆದು ಸಂಚಿಕೆಗೆ ಅದನ್ನೇ ಕೊಡಿ. ಮೂಲವನ್ನು ಪ್ರೆಸ್ಸಿನವರ ಕೈಗೆ ಕೊಡಬೇಡಿ. ಮಳೆಗಾಲ ಬರುವ ಮೊದಲು ಟ್ರಂಕಿನಿಂದ ತೆಗೆದು, ಒಣಗಿದ ದಪ್ಪ ಕಾಗದದ ನಡುವೆ ಇಟ್ಟು, ಗೋಡೆಗೆ ತಾಗದ ಕಪಾಟಿನಲ್ಲಿ ಇಡಿ. ಡೊಂಬಿವಲಿಯ ತೇವ ನಿಮಗೆ ಗೊತ್ತೇ ಇದೆ.